ಅರಿವೆ ಸುತ್ತಿದ ಬಳೆ

ರೇವವ್ವನಿಗೆ ಎರಡು ವರ್ಷದ ಸೀರೆ ಬರಬೇಕು. ಶಲವಡಿಯ ಕಸ್ತೂರೆವ್ವನ ಮನೆಯಲ್ಲಿ ಕೂಸು ಆಡಿಸುವುದಕ್ಕೆ ಊಟದ ಜೊತೆ ವರ್ಷಕ್ಕೊಂದು ಸೀರೆ ಎಂದು ಮಾತಾಗಿತ್ತು. ಸೀರೆ ಬರಲಿಲ್ಲ, ಏನು ಉಡಬೇಕೆಂಬ ಅಪ್ಪಣೆ ಮಾತ್ರ ದಿನಾ ಬರುತ್ತದೆ. ನೈಲಾನ್ ಉಟ್ಟರೆ ಕೂಸು ಜಾರುತ್ತದೆ, ಗಂಜಿ ಹಾಕಿದ್ದು ಉಟ್ಟರೆ ಚುಚ್ಚುತ್ತದೆ, ಹಳೆಯದು ಉಟ್ಟರೆ ಬೀಗರ ಮುಂದೆ ಮರ್ಯಾದೆ ಹೋಗುತ್ತದೆ. ರೇವವ್ವ ಒಂದು ಕಡೆ ಕೂರುವವಳಲ್ಲ. ಕೂಸನ್ನು ಸೊಂಟಕ್ಕೇರಿಸಿ ಕಟ್ಟೆಯಿಂದ ಹಿತ್ತಲಿಗೆ, ಹಿತ್ತಲಿಂದ ಹತ್ತಿ ಗಾಡಿ ನಿಲ್ಲುವ ಊರಬಾಗಿಲ ಅಗಸಿಗೆ ಸುತ್ತುತ್ತಾಳೆ. ಒಂದು ದಿನ ನಡೆದದ್ದನ್ನು ಸೇರಿಸಿದರೆ ಹುಬ್ಬಳ್ಳಿ ಮುಟ್ಟಿ ಬರಬಹುದು. ಕೂಸನ್ನು ಎತ್ತಿಕೊಳ್ಳುವ ಮೊದಲು ಮಾತ್ರ ಹೊಸ್ತಿಲಲ್ಲಿ ನಿಂತು, ತನ್ನ ಹಸಿರು ಗಾಜಿನ ಬಳೆಗಳಿಗೆ ಮೆತ್ತನೆಯ ಅರಿವೆ ಸುತ್ತುತ್ತಾಳೆ. “ಸುತ್ತೂದ್ಯಾಕ ಬೇ, ತಗದಿಟ್ಟ ಬಾ. ಅರವಿ ಬಿಚ್ಚಿದ್ರ ಕೂಸಿನ ಗಲ್ಲಾ ತರಚತೈತಿ,” ಎನ್ನುತ್ತಾಳೆ ಕಸ್ತೂರೆವ್ವ. “ಹೇಳಿದ ಸೀರಿ ಉಡತೇನ್ರಿ ಅಕ್ಕಾರ, ಬಳಿ ಮಾತ್ರ ಕೇಳಬ್ಯಾಡ್ರಿ.” “ಅಗದಿ ಹೊಸಾ ಮದಲಗಿತ್ತಿ ಆಗೀ ನೋಡ!” ಎಂದು ಕಸ್ತೂರೆವ್ವ ಹಂಗಿಸುತ್ತಾಳೆ. ಗೋವಾದ ಗಣಿಗೆ ಹೋದ ಗಂಡ ಮಡಿವಾಳೆಪ್ಪನ ಸುದ್ದಿಯಿಲ್ಲದೆ ವರ್ಷಗಳಾದವು. ಓಣಿಯವರು ರೇವವ್ವನ ಮುಖ ನೋಡುವುದಿಲ್ಲ, ಮುಂಗೈ ನೋಡುತ್ತಾರೆ. ಬಳೆ ಇರುವವರೆಗೆ ಅವನು ಬದುಕಿದ್ದಾನೆ; ಒಂದು ಹಗಲು ಬರಿಗೈಲಿ ನಡೆದರೆ ಸಾಕು, ಓಣಿಯೇ ಅವನನ್ನು ಸಾಯಿಸಿ ಅವಳ ಕುಂಕುಮ ಅಳಿಸುತ್ತದೆ. ನಿಮ್ಮ ತೊಟ್ಟಿಲು ತೂಗುವವಳ ಬಳೆಯನ್ನು ನೀವು ತೆಗೆಸಿದ್ದೀರೇನು? ಹಾಗಿದ್ದರೆ ಇವತ್ತೇ ಬಳೆಗಾರನನ್ನು ಕರೆಸಿ, ಓಣಿಯೆಲ್ಲ ನೋಡುವ ಹಾಗೆ ಅವಳನ್ನು ನಿಮ್ಮ ಕಟ್ಟೆಯ ಮೇಲೆ ಕೂರಿಸಿ, ಎರಡೂ ಕೈತುಂಬ ಬಳೆ ಇಡಿಸಿ.