ಪ್ಲೇಗಿನಮ್ಮ ಕೊಡಿಸಿದ ಎರಡನೇ ಗೇರು

ತಾಯಿಯನ್ನು ನಂಬಿದ ಎಲ್ಲರಿಗೂ ಹೆಬ್ಬಗೋಡಿಯ ಮುನಿರಾಜುವಿನ ನಮಸ್ಕಾರ. ಎಂಬತ್ತರ ದಶಕದ ಆರಂಭದಲ್ಲಿ, ಒಂದು ಮುಂಗಾರಿನಲ್ಲಿ ನಮ್ಮ ಆರೋಗ್ಯ ಕೇಂದ್ರದ ಮೋಟಾರ್ ಸೈಕಲ್ ಕೆಟ್ಟು ನಿಂತಿತು. ಗಾಡಿ ಕೆಟ್ಟಿದ್ದೂ ಒಂದು ಕಷ್ಟವೇ ಎಂದು ಕೇಳಬೇಡಿ. ನನ್ನ ಅಕ್ಕನ ಜೀವ ಅದರ ಮೇಲೆ ನಿಂತಿತ್ತು.

ನಾನು ಆ ಕೇಂದ್ರದಲ್ಲಿ ಕಾಂಪೌಂಡರ್ ಆಗಿದ್ದೆ. ಹೊಸೂರು ರಸ್ತೆಯಿಂದ ಒಳಗಿರುವ ಊರುಗಳಲ್ಲಿ ಕ್ಷಯದ ರೋಗಿಗಳಿಗೆ ದಿನಾ ಇಂಜೆಕ್ಷನ್ ಕೊಟ್ಟು ಬರುವುದು ನನ್ನ ಕೆಲಸ. ಆ ದಾರಿಗಳಿಗೆಂದೇ ಯಾರೋ ಪುಣ್ಯಾತ್ಮರು ಪರದೇಶದ ಗಾಡಿಯೊಂದನ್ನು ದಾನ ಕೊಟ್ಟಿದ್ದರು. ದಪ್ಪ ಹಲ್ಲಿನ ಟೈರು, ಮೇಲಕ್ಕೆತ್ತಿ ಕಟ್ಟಿದ ಸೈಲೆನ್ಸರ್. ಕೆಸರು, ಗದ್ದೆ ಬದು, ಹಳ್ಳ ಯಾವುದಕ್ಕೂ ಅದು ಜಗ್ಗುತ್ತಿರಲಿಲ್ಲ. ಆ ವರ್ಷ ನನ್ನ ರೋಗಿಗಳಲ್ಲಿ ಚೆನ್ನಮ್ಮಕ್ಕನೂ ಒಬ್ಬಳಾಗಿದ್ದಳು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ. ಬೊಮ್ಮಸಂದ್ರದಿಂದ ಒಳಗೆ, ಕೆರೆಯ ಆಚೆಯ ಊರಿಗೆ ಅವಳನ್ನು ಕೊಟ್ಟಿತ್ತು. ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಮನೆಯಲ್ಲೇ ಮಲಗಿದ್ದಳು.

ಮಳೆ ಹಿಡಿದ ವಾರವೇ ಗಾಡಿಯ ಎರಡನೇ ಗೇರಿನ ಹಲ್ಲು ಮುರಿಯಿತು. ಕೆಸರಿನಲ್ಲಿ ಓಡಬೇಕಾದದ್ದು ಆ ಗೇರಿನಲ್ಲೇ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಅದೇ ಅಳತೆಗೆ ಇನ್ನೊಂದನ್ನು ಮಾಡಿಸಿದೆ. ಮಾಡಿಕೊಟ್ಟವರು ಮೊದಲೇ ಹೇಳಿದ್ದರು, “ನಮ್ಗೆ ಸಿಗೋ ಸ್ಟೀಲಲ್ಲಿ ಇಷ್ಟೇ ಅಣ್ಣ ಆಗೋದು. ಒರಿಜಿನಲ್ ಹುಡುಕ್ತಾ ಇರಿ.” ಕೆಲವೇ ದಿನಕ್ಕೆ ಅದೂ ಪುಡಿಯಾಯಿತು.

ಅಲ್ಲಿಂದ ನನ್ನ ಅಲೆದಾಟ ಶುರುವಾಯಿತು. ಬೆಳಿಗ್ಗೆ ಸೈಕಲ್ಲಿನಲ್ಲಿ ಹೋದಷ್ಟು ಊರಿಗೆ ಹೋಗುವುದು. ಕೆಸರು ಬಂದಲ್ಲಿ ಸೈಕಲ್ಲನ್ನೇ ಹೊರುವುದು. ಮಧ್ಯಾಹ್ನ ಬಸ್ಸು ಹಿಡಿದು ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನು ಸುತ್ತುವುದು. ಎಲ್ಲರಲ್ಲೂ ಒಂದೇ ಮಾತು, “ಇಂಥ ಗಾಡೀನೇ ನೋಡಿಲ್ಲ ಸಾರ್.” ಅಲ್ಲಿನ ಒಂದು ಅಂಗಡಿಯ ಖಾದರ್ ಸಾಬರು ಮಾತ್ರ ಕೂರಿಸಿ ಮಾತಾಡಿದರು. ಎಂಜಿನ್ ನಂಬರ್ ಕೇಳಿ ಬರೆದುಕೊಂಡು ಮದ್ರಾಸಿನಿಂದ ತರಿಸಿಕೊಟ್ಟರು. ಎಣ್ಣೆ ಕಾಗದ ಬಿಚ್ಚಿದರೆ ಹೊಚ್ಚ ಹೊಸ ಗೇರು. ಶಾಫ್ಟಿಗೆ ಹಾಕಹೋದರೆ ಒಳಗಿನ ಹಲ್ಲುಗಳು ಕೂಡಲಿಲ್ಲ.

ಎಂಜಿನ್ನಿನ ಕೆಳಗೆ ಮಲಗಿ, ಸೀಮೆಎಣ್ಣೆ ಹಾಕಿ ಉಜ್ಜಿ, ನಂಬರಿನ ಮೇಲೆ ಸುಣ್ಣದ ಕಡ್ಡಿ ತೀಡಿ ನೋಡಿದೆ. ನಾವು ಮೂರು ಎಂದು ಓದಿದ್ದು ಎಂಟಾಗಿತ್ತು. ಬಂದದ್ದು ಅದೇ ಗಾಡಿಯ ಹಳೇ ಮಾದರಿಯ ಗೇರು. ನಮ್ಮ ಮಾದರಿಯದು ಮದ್ರಾಸಿನಲ್ಲೂ ಇಲ್ಲವೆಂದು ಉತ್ತರ ಬಂತು.

ಅಷ್ಟರಲ್ಲಿ ಅಕ್ಕನಿಗೆ ಎಷ್ಟೋ ದಿನ ಮದ್ದು ತಪ್ಪಿಹೋಗಿತ್ತು. ಕೇಂದ್ರದ ಡಾಕ್ಟರಮ್ಮ, “ಹಿಂಗೆ ಬಿಟ್ಟು ಬಿಟ್ಟು ಕೊಟ್ರೆ ಆಮೇಲೆ ಯಾವ ಮದ್ದೂ ಹಿಡಿಯಲ್ಲ ಮುನಿರಾಜು,” ಎಂದರು. ಅದೇ ದಾರಿಯಲ್ಲಿ ನಾನು ಮದ್ದು ಕೊಡುತ್ತಿದ್ದ ಪಾಪಣ್ಣ ಎಂಬ ಮುದುಕರು ಆ ವಾರ ತೀರಿಕೊಂಡರು. ಅವರ ಮನೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮಣ್ಣು ಮಾಡಿ ಬರುವಾಗ ನಮ್ಮೂರ ಅಂಚಿನ ಪ್ಲೇಗಿನಮ್ಮನ ಗುಡಿಯ ಜಗಲಿಯಲ್ಲಿ ಕುಳಿತೆ. ಪ್ಲೇಗು ಬಂದ ಕಾಲದಲ್ಲಿ ನಮ್ಮ ಹಿರಿಯರು ಕಟ್ಟಿದ ಸಣ್ಣ ಗುಡಿ. ಕೈಯಲ್ಲಿ ಹೂವಿಲ್ಲ, ಹಣ್ಣಿಲ್ಲ. ಹರಕೆ ಹೊರುವಷ್ಟು ಉಸಿರೂ ಇರಲಿಲ್ಲ. “ತಾಯಿ, ನನ್ನ ಕೈಲಿ ಇನ್ನಾಗಲ್ಲ. ನೀನೇ ನೋಡ್ಕೋ,” ಎಂದಷ್ಟೇ ಹೇಳಿ ಎದ್ದು ಬಂದೆ.

ಮಾರನೆಯ ದಿನ ಆ ತಪ್ಪು ಗೇರನ್ನು ವಾಪಸು ಕೊಡಲು ಹೋದಾಗ ಖಾದರ್ ಸಾಬರು ತಡೆದು ತಡೆದು ಹೇಳಿದರು. “ವೈಟ್‌ಫೀಲ್ಡಲ್ಲಿ ಒಬ್ಬರು ಮುದುಕರವ್ರೆ, ಪಾಲ್ ಸಾರ್ ಅಂತ. ಇದೇ ಗಾಡಿ ಇಟ್ಕೊಂಡವ್ರೆ. ನಾನೂ ಒಂದ್ಸಲ ಕೇಳ್ದೆ, ಬಿಚ್ಚಾಕೆ ಕೊಡಲ್ಲ ಅಂದ್ಬಿಟ್ರು. ನಿಮ್ಗ್ಯಾಕೆ ಸುಮ್ನೆ ಆಸೆ ತೋರ್ಸೋದು ಅಂತ ಹೇಳ್ಲಿಲ್ಲ.”

ಬಸ್ಸು ಹಿಡಿದು ಹೋದೆ. ದೊಡ್ಡ ಕಾಂಪೌಂಡು, ಹಳೆಯ ಹೆಂಚಿನ ಮನೆ. ಪಾಲ್ ಸಾರ್ ಕೋಲೂರಿಕೊಂಡು ಬಂದರು. ವಿಷಯ ಪೂರ್ತಿ ಕೇಳದೆಯೇ, “ನೋಡಪ್ಪ, ಅದು ನಾನು ಓಡಿಸಿದ ಗಾಡಿ. ಕಾಲು ಮುರಿದ ಮೇಲೆ ಹತ್ತೋಕಾಗಲ್ಲ. ಆದ್ರೆ ನಾನಿರೋ ತನಕ ಅದನ್ನ ಬಿಚ್ಚಲ್ಲ,” ಎಂದು ಒಳಗೆ ಹೋದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ವಾದಿಸಲೂ ಆಗಲಿಲ್ಲ.

ಜೋರು ಮಳೆ ಬಂತು. ಅವರ ಹೆಂಡತಿ ಐರಿನ್ ಅಮ್ಮ ವರಾಂಡದಲ್ಲಿ ಕೂರಿಸಿ ಟೀ ಕೊಟ್ಟರು. ಲೋಟ ಕೈಯಲ್ಲಿರುವಾಗಲೇ ನಾನು ನಿದ್ದೆ ಹೋದೆ. ಎಚ್ಚರವಾದಾಗ ನನ್ನ ಚೀಲ ಉರುಳಿಬಿದ್ದಿತ್ತು. ಹಿಂದಿರುಗುವಾಗ ಅಕ್ಕನಿಗೆ ಕೊಡಬೇಕೆಂದು ತಂದಿದ್ದ ಇಂಜೆಕ್ಷನ್ ಶೀಶೆಯನ್ನು ಆಕೆ ಕೈಯಲ್ಲಿ ಹಿಡಿದು ನೋಡುತ್ತಿದ್ದರು.

“ಇದು ಯಾರಿಗಪ್ಪ?” ಎಂದರು.

“ನಮ್ಮಕ್ಕನಿಗೆ ಮೇಡಂ. ಗಾಡಿ ಇಲ್ದೆ ದಿನಾ ಹೋಗಾಕಾಗ್ತಿಲ್ಲ.”

ಆಕೆ ಶೀಶೆಯನ್ನು ಜೋಪಾನವಾಗಿ ನನ್ನ ಚೀಲದೊಳಗಿಟ್ಟರು. ಆಮೇಲೆ, “ಮದುವೆಗೆ ಮುಂಚೆ ನಾನೂ ಇದೇ ಕಾಯಿಲೆಗೆ ಸ್ಯಾನಿಟೋರಿಯಮ್ಮಲ್ಲಿ ಮಲಗಿದ್ದೆ. ಪಕ್ಕದ ಹಾಸಿಗೆಯವರು ಮನೆಗೆ ಹೋಗಲಿಲ್ಲ, ನಾನು ಹೋದೆ. ಈ ಮದ್ದು ಆಗ ತಾನೇ ಬಂದಿತ್ತು,” ಎಂದು ಒಳಗೆ ಎದ್ದು ಹೋದರು. ಗಂಡನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ್ದು ಕೇಳಿಸಿತು. ದನಿ ಏರಿರಲಿಲ್ಲ.

ಪಾಲ್ ಸಾರ್ ಮತ್ತೆ ಬಂದು ನನ್ನನ್ನು ಹಿಂದಿನ ಶೆಡ್ಡಿಗೆ ಕರೆದೊಯ್ದರು. ಹೊದಿಕೆ ಸರಿಸಿ ಎಂಜಿನ್ ಒರೆಸಿ ನಂಬರ್ ಓದಿದರು. ಶುರುವಿನ ಅಕ್ಷರ, ಆಮೇಲಿನ ಎಂಟು, ಎಲ್ಲ ನಮ್ಮದರ ಸರಣಿಯೇ. “ನಾಳೆ ಬಾ,” ಎಂದರು.

ಅವರ ಮನಸ್ಸು ಎಲ್ಲಿ ತಿರುಗುತ್ತದೋ ಎಂದು ಹೆದರಿಕೊಂಡೇ ಮರುದಿನ ಹೋದೆ. ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಎಂಜಿನ್ ಬಿಚ್ಚಿಸಿ, ಗೇರುಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ದುಡ್ಡಿನ ಮಾತೆತ್ತಲು ಬಿಡಲಿಲ್ಲ. “ಒಂದೇ ಹಾಕಿದ್ರೆ ಮತ್ತೆ ಒಡೆಯುತ್ತೆ. ಜೊತೇಲಿ ಓಡಿದ್ದು, ಜೊತೇಲೇ ಹಾಕು,” ಎಂದರು. ಬಿಚ್ಚಿದ ಗಾಡಿಯ ಕಡೆ ಅವರು ತಿರುಗಿ ನೋಡಲಿಲ್ಲ. ನನಗೆ ಕಾಲಿಗೆ ಬೀಳಬೇಕೆನಿಸಿತು. ಬೀಳಲು ಹೋದರೆ ಕೋಲು ಅಡ್ಡ ಹಿಡಿದರು.

ಗೇರು ಕೂತಿತು. ಗಾಡಿ ಓಡಿತು. ಮದ್ದನ್ನು ಮೊದಲಿನಿಂದ ಶುರುಮಾಡಿದೆವು. ಕಾರ್ತಿಕ ಮಾಸ ಬರುವ ಹೊತ್ತಿಗೆ ಅಕ್ಕ ಎದ್ದು ಕುಳಿತು ರಾಗಿ ಬೀಸುವಂತಾದಳು. ಆಮೇಲೆ ಅವಳನ್ನು ಅಮ್ಮನ ಗುಡಿಗೆ ಕರೆತಂದೆ.

ತಾಯಿ ಎಲ್ಲವನ್ನೂ ಕೊಟ್ಟಳು ಎಂದು ನಾನು ಬರೆಯಲಾರೆ. ಪಾಪಣ್ಣನವರನ್ನು ಉಳಿಸಲಿಲ್ಲ. ಏಕೆಂದು ಅವಳ ಮುಂದೆ ನಿಂತು ಕೇಳಿದ್ದೇನೆ, ಈಗಲೂ ಕೇಳುತ್ತೇನೆ. ಆದರೆ ಸೋತು ಕೈಬಿಟ್ಟವನನ್ನು ಅವಳು ಒಂದು ವರಾಂಡದಲ್ಲಿ ಮಲಗಿಸಿ ತನ್ನ ಕೆಲಸ ಮಾಡಿದಳು, ಅದು ನನಗೆ ಗೊತ್ತು. ಆ ನಂಬಿಕೆ ಆಮೇಲೆ ಅಲುಗಿಲ್ಲ.

ಅಂದು ಗುಡಿಯ ಮುಂದೆ ಅಕ್ಕ ತೆಂಗಿನಕಾಯಿ ಒಡೆದು, ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದಳು. “ನೀನೇನ್ ಬೇಡ್ಕಂಡೆ ಮುನಿರಾಜ?”

“ಏನೂ ಬೇಡ್ಲಿಲ್ಲ ಕಣಕ್ಕ. ಸಾಕಾಯ್ತು ಅಂದೆ.”

“ಅಂಗಂದ್ರೂ ಕೇಳಿಸ್ಕತಾಳೆ ಬುಡು,” ಎಂದು ಅವಳು ಕಾಯಿಯ ಅರ್ಧ ನನ್ನ ಕೈಗಿಟ್ಟಳು.