ಸೊನ್ನೆ ಬರೆಯಲೊಲ್ಲದ ತರಗತಿ

೧೯೬೨ರಲ್ಲಿ ನಾನು ಅರಕಲಗೂಡು ವಲಯದ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದೆ. ಅರವತ್ತೆರಡೋ ಅರವತ್ತಮೂರೋ ಎಂದು ಒತ್ತಿ ಕೇಳಿದರೆ ಈಗ ಆಣೆ ಮಾಡಿ ಹೇಳಲಾರೆ. ಸೇರು, ಪಾವು ಹೋಗಿ ಕಿಲೋ, ಲೀಟರು ಅಂಗಡಿಗಳಿಗೆ ಬಂದ ಹೊಸತು ಎಂಬುದಂತೂ ನಿಜ. ಕಾಲು, ಅರೆ, ಮುಕ್ಕಾಲುಗಳಲ್ಲಿ ಬೆಳೆದ ಮಕ್ಕಳಿಗೆ ದಶಮಾಂಶ ಕಲಿಸಲೇಬೇಕೆಂದು ಇಲಾಖೆಯ ಸುತ್ತೋಲೆಗಳು ಮೇಲಿಂದ ಮೇಲೆ ಬರುತ್ತಿದ್ದವು. ಮೈಸೂರಿನಲ್ಲಿ ಗಣಿತ ಓದಿ ಬಂದಿದ್ದ ನನಗೆ ಅದರಲ್ಲಿ ಕಷ್ಟವೇನಿದೆ ಎನಿಸಿತ್ತು.

ಆ ಬೇಸಿಗೆಯಲ್ಲಿ ಹಾಸನದಲ್ಲಿ ಮಿಡ್ಲ್‌ಸ್ಕೂಲ್ ಪರೀಕ್ಷೆಯ ಪತ್ರಿಕೆಗಳ ತಿದ್ದುವಿಕೆ ನಡೆದಿತ್ತು. ಮುಖ್ಯ ಪರೀಕ್ಷಕರು ನನ್ನನ್ನು ಕರೆಸಿ ಒಂದು ಕಟ್ಟು ಮುಂದಿಟ್ಟರು. ಕೊಣನೂರು ಕಡೆಯ ಒಂದು ಹಳ್ಳಿ ಶಾಲೆಯದು. ಐದು ಎಂಟಾಂಶವನ್ನು (೫/೮) ದಶಮಾಂಶಕ್ಕೆ ತಿರುಗಿಸಿ ಎಂಬುದು ಪ್ರಶ್ನೆ. ಐದರ ಮುಂದೆ ಸೊನ್ನೆ ಇಳಿಸಿ ಎಂಟರಿಂದ ಭಾಗಿಸಿದರೆ ಆರು ಬಂದು ಎರಡು ಉಳಿಯುತ್ತದೆ. ಆ ಎರಡಕ್ಕೆ ಮತ್ತೆ ಸೊನ್ನೆ ಇಳಿಸಿದರೆ ಎರಡು ಬಂದು ನಾಲ್ಕು ಉಳಿಯುತ್ತದೆ. ಇನ್ನೊಮ್ಮೆ ಇಳಿಸಿದರೆ ಐದು ಬಂದು ಶೇಷ ಸೊನ್ನೆಯಾಗುತ್ತದೆ. ಉತ್ತರ ೦.೬೨೫. ಆ ಶಾಲೆಯ ಮಕ್ಕಳೆಲ್ಲರೂ ೦.೬೨ ಎಂದು ಬರೆದು, ಕೆಳಗೆ ನಾಲ್ಕನ್ನು ಹಾಗೇ ಬಿಟ್ಟಿದ್ದರು.

“ಎಲ್ಲರದೂ ಒಂದೇ ತಪ್ಪು. ನಕಲಲ್ಲದೆ ಇನ್ನೇನ್ರಿ?” ಎಂದರು ಅವರು. “ಹೋಗಿ ನಿಮ್ಮೆದುರು ಕೂರಿಸಿ ಮತ್ತೆ ಮಾಡಿಸಿ. ಪೂರ್ತಿ ಮಾಡಿದರೆ ಫಲಿತಾಂಶ ಬಿಡೋಣ. ಇಲ್ಲದಿದ್ದರೆ ನಕಲು ಅಂತ ಬರೆದು ಕಳಿಸಿ, ಇಡೀ ತರಗತಿ ಫೇಲು.”

ನನ್ನನ್ನು ಕಾಡಿದ್ದು ಬೇರೊಂದು ಸಂಗತಿ. ಅದೇ ಪತ್ರಿಕೆಯಲ್ಲಿ ಎರಡು ಮೂರಾಂಶದ ಲೆಕ್ಕವೂ ಇತ್ತು. ಎಷ್ಟು ಭಾಗಿಸಿದರೂ ಮುಗಿಯದ, ಆರರ ಮೇಲೆ ಆರು ಬರುತ್ತಲೇ ಇರುವ ಲೆಕ್ಕ. ಬೇರೆ ಶಾಲೆಯ ಮಕ್ಕಳು ಅಲ್ಲಿ ಎಡವಿದ್ದರು. ಇವರಲ್ಲಿ ಒಬ್ಬರೂ ತಪ್ಪಿರಲಿಲ್ಲ.

ಚಾವಡಿಯಲ್ಲಿ ನಡೆಯುತ್ತಿದ್ದ ಶಾಲೆ ಅದು. ಗಣಿತ ಕಲಿಸುತ್ತಿದ್ದ ಸಣ್ಣಪ್ಪ ಮೇಷ್ಟ್ರು ರಜೆಯಲ್ಲೂ ಮಕ್ಕಳನ್ನು ಕೂಡಿಸಿ ಕಾದಿದ್ದರು. ನಾನು ಒಬ್ಬೊಬ್ಬರನ್ನೂ ದೂರ ದೂರ ಕೂರಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ಭಿನ್ನರಾಶಿ ಕೊಟ್ಟೆ. ಮೂರು ನಾಲ್ಕಾಂಶ ಸಿಕ್ಕವನು ೦.೭ಕ್ಕೇ ನಿಂತ. ಮೂರು ಹದಿನಾರಾಂಶ ಸಿಕ್ಕವಳು ೦.೧೮೭ರವರೆಗೆ ತಪ್ಪಿಲ್ಲದೆ ಬಂದು ಸ್ಲೇಟು ಕೆಳಗಿಟ್ಟಳು. ಎಲ್ಲರೂ ಸೊನ್ನೆಗೆ ಒಂದೇ ಹೆಜ್ಜೆ ಹಿಂದೆ. ನಕಲಲ್ಲ ಎಂಬುದು ಖಚಿತವಾಯಿತು. ಆದರೆ ಲೆಕ್ಕವೂ ಪೂರ್ತಿಯಾಗಲಿಲ್ಲ.

ಹದಿನಾರರಿಂದ ಭಾಗಿಸಿದವಳ ಹೆಸರು ರತ್ನ. ಬೋರ್ಡಿನ ಬಳಿ ಕರೆದು ಐದು ಎಂಟಾಂಶವನ್ನೇ ಮಾಡಿಸಿದೆ. ನಾಲ್ಕು ಬರೆದು ನಿಂತಳು.

“ಮುಂದೆ?”

“ಸೊನ್ನೆ ಇಳ್ಸಿದ್ರೆ ನಲ್ವತ್ತು. ಎಂಟೈದ್ಲಿ ನಲ್ವತ್ತು. ಗೊತ್ತು ಸಾ. ಬರ್ಯಕ್ಕಿಲ್ಲ.”

“ಬರೆಯದಿದ್ದರೆ ಫೇಲು ಕಣಮ್ಮ.”

“ಫೇಲಾದ್ರೆ ಮದ್ವೆ ಮಾಡ್ತೀನಿ ಅಂದವ್ನೆ ನಮ್ಮಪ್ಪ.”

“ಹಾಗಾದರೆ ಬರಿ!”

ಹಿಂದಿನಿಂದ ಒಬ್ಬ ಹುಡುಗ ತಗ್ಗಿದ ದನಿಯಲ್ಲಿ ಹೇಳಿದ: “ಬರುದ್ರೆ ಒಬ್ರು ಓಯ್ತಾರೆ ಸಾ.”

ಮೇಷ್ಟ್ರು ನನ್ನನ್ನು ಜಗಲಿಗೆ ಕರೆದು ವಿವರಿಸಿದರು. ಹಿಂದಿನ ಕಾರ್ತಿಕದಲ್ಲಿ ಗೌರಿ ಎಂಬ ಹುಡುಗಿ ಇದೇ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿದ್ದಳು. ಕೊನೆಯ ಸೊನ್ನೆ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು ಮನೆಗೆ ಹೋದವಳನ್ನು ಮಧ್ಯಾಹ್ನ ಹುಲ್ಲು ಕೊಯ್ಯುವಾಗ ಹಾವು ಕಚ್ಚಿತು. ಬೋರ್ಡು ಒರೆಸಲು ಯಾರಿಗೂ ಕೈ ಬರಲಿಲ್ಲ. ಅವಳ ತಿಥಿ ಕಳೆಯುವವರೆಗೂ ಆ ಸೊನ್ನೆಯ ಎದುರೇ ಮಕ್ಕಳು ಕೂತಿದ್ದರು. ಆಮೇಲೆ ಶೇಷವನ್ನು ಸೊನ್ನೆಗೆ ತರಲು ಒಬ್ಬರೂ ಒಪ್ಪಲಿಲ್ಲ. “ಬೈದು ನೋಡ್ದೆ, ಹೊಡೆದೂ ನೋಡ್ದೆ ಸಾರ್. ಕೊನೇ ಗೆರೆ ಎಳೆಯಲ್ಲ.”

ನಾನು ಒಳಗೆ ಬಂದು ಸೀಮೆಸುಣ್ಣ ಹಿಡಿದು, ನಾಲ್ಕರ ಕೆಳಗಿನ ಲೆಕ್ಕ ಮುಗಿಸಿ ದೊಡ್ಡದಾಗಿ ಸೊನ್ನೆ ಬರೆದೆ.

“ನೋಡಿ, ಏನಾಯಿತು?”

ರತ್ನ ನನ್ನನ್ನೇ ನೋಡಿದಳು. “ನೀವು ಬಸ್ ಅತ್ತಿ ಓಯ್ತೀರಿ ಸಾ. ಇಲ್ಲಿರೋರು ನಾವು.”

ಬೋರ್ಡು ಒರೆಸಿದೆ. ಲೆಕ್ಕ ಪೂರ್ತಿಯಾಗಲಿಲ್ಲ ಎಂದು ಬರೆಯಲು ವರದಿಯ ಕಾಗದ ತೆಗೆದೆ. ಪೆನ್ನಿನ ಮುಚ್ಚಳ ಬಿಚ್ಚಿಯೂ ಆಗಿತ್ತು.

ಆಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿರುವುದು ಕಂಡಿತು. ಮೇಷ್ಟ್ರು ಎದ್ದು ನಿಂತರು. ಗೌರಿಯ ತಾಯಿ ಕಾಳಮ್ಮ. ಇನ್‌ಸ್ಪೆಕ್ಟರು ಬಂದ ಸುದ್ದಿ, ಬಂದ ಕಾರಣ ಎರಡೂ ಅವಳ ಕಿವಿಗೆ ಬಿದ್ದಿದ್ದವು. ಅವಳು ನನ್ನ ಕಡೆ ತಿರುಗಲಿಲ್ಲ, ಮಕ್ಕಳ ಕಡೆ ತಿರುಗಿದಳು.

“ನನ್ ಮಗ್ಳು ಹುಲ್ಲು ಅರ್ಧ ಕುಯ್ದು ಬುಟ್ಲು. ಉಣ್ಣೋ ಮುದ್ದೆ ಬುಟ್ಲು. ಪೂರ್ತಿ ಮುಗ್ಸಿ ಓಗಿದ್ದು ಅದೊಂದು ಲೆಕ್ಕವ. ಅದ್ನೂ ಕೆಟ್ಟದ್ದು ಮಾಡ್ಬುಟ್ರೇನ್ರವ್ವಾ?”

ಅವಳು ರತ್ನಳತ್ತ ತಿರುಗಿದಳು.

“ಬರಿ ರತ್ನಿ. ನಾನಿಲ್ಲೇ ನಿಂತಿರ್ತೀನಿ. ಏನಾಗೋದಿದ್ರೂ ನನ್ಗಾಗ್ಲಿ.”

ರತ್ನ ಬೋರ್ಡಿಗೆ ಹೋಗಿ ಮತ್ತೆ ಮೊದಲಿನಿಂದ ಮಾಡಿದಳು. ಅಳುತ್ತಲೇ ಸೊನ್ನೆ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಳು. ಉಳಿದವರು ಒಬ್ಬೊಬ್ಬರಾಗಿ ಸ್ಲೇಟು ಎತ್ತಿಕೊಂಡರು. ಫಲಿತಾಂಶ ಬಿಡುಗಡೆಯಾಯಿತು. ಮುಂದಿನ ವರ್ಷ ಅರಕಲಗೂಡಿನ ಹೈಸ್ಕೂಲಿನ ತಪಾಸಣೆಗೆ ಹೋದಾಗ ರತ್ನ ಎರಡನೆಯ ಬೆಂಚಿನಲ್ಲಿ ಕೂತಿದ್ದಳು.

ಇಷ್ಟರವರೆಗೆ ನನ್ನ ನೆನಪನ್ನು ನಂಬುತ್ತೇನೆ. ಮುಂದಿನದು ಹೇಗೋ ತಿಳಿಯದು.

ನಾನು ಹೊರಡುವಾಗ ಕಾಳಮ್ಮ ಇನ್ನೂ ಬೋರ್ಡನ್ನು ನೋಡುತ್ತಿದ್ದಳು. “ಸಾ, ಸೊನ್ನೆ ಬಂದ್ಮೇಲೆ ಏನೂ ಉಳಿಯಕ್ಕಿಲ್ವಾ?” ಎಂದು ಕೇಳಿದಳು. “ಕೆಳಗೆ ಏನೂ ಉಳಿಯೋದಿಲ್ಲ ಕಣಮ್ಮ, ಮೇಲೆ ಉತ್ತರ ಉಳಿಯುತ್ತೆ” ಎಂದೆ. ಚನ್ನರಾಯಪಟ್ಟಣದಲ್ಲಿ, ಹೊಳೆನರಸೀಪುರದಲ್ಲಿ ನಡೆದ ಶಿಕ್ಷಕರ ತರಬೇತಿಗಳಲ್ಲಿ ಈ ಮಾತನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಕೇಳಿದವರ ಕಣ್ಣು ತುಂಬಿದ್ದನ್ನೂ ಕಂಡಿದ್ದೇನೆ.

ನಿವೃತ್ತಿಯ ನಂತರ ಹಾಸನದ ಬಸ್ ನಿಲ್ದಾಣದಲ್ಲಿ ಸಣ್ಣಪ್ಪ ಮೇಷ್ಟ್ರು ಸಿಕ್ಕರು. ಆ ದಿನದ ಮಾತು ಬಂತು. ನನ್ನ ಉತ್ತರವನ್ನು ನೆನಪಿಸಿದೆ.

“ಆಯಮ್ಮ ಕೇಳಿದ್ದು ನಿಜ ಸಾರ್. ನೀವೇನೂ ಹೇಳ್ಲಿಲ್ಲ. ಸುಮ್ನೆ ನಿಂತಿದ್ರಿ. ಒಂದಷ್ಟು ಹೊತ್ತು ಕಾದಳು, ಆಮೇಲೆ ಹೋದಳು.”

ಅವರ ನೆನಪು ಸರಿಯೋ, ನನ್ನದೋ? ಆ ಉತ್ತರ ನನಗೆ ಹೊಳೆದದ್ದು ಬಸ್ಸು ಊರು ದಾಟಿದ ಮೇಲೆಯೇ ಇರಬಹುದು. ತಪ್ಪು ಉತ್ತರ ಕಂಡರೆ ಅದು ಯಾಕೆ ಅಲ್ಲೇ ನಿಂತಿತು ಎಂದು ಮೊದಲು ಕೇಳಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನು. ದೆವ್ವ ಭೂತಗಳನ್ನು ಅಂದೂ ನಂಬಲಿಲ್ಲ, ಇಂದೂ ನಂಬುವುದಿಲ್ಲ. ಆದರೆ ಭಾಗಾಕಾರದ ಕೊನೆಯ ಗೆರೆಗೆ ಬಂದಾಗಲೆಲ್ಲ ಒಮ್ಮೆ ತಲೆಯೆತ್ತಿ ಬಾಗಿಲ ಕಡೆ ನೋಡುತ್ತೇನೆ. ಅಲ್ಲಿ ಯಾರೋ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಾರೆ ಎನಿಸುತ್ತದೆ.