ಕ್ರೇನಿಗೆ ಕೇಳಿಸುವಂತೆ ಮಾಡಿದ ಮೇಡಂ

ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ ತಲೆಗೂದಲನ್ನು ಗಂಡುಹುಡುಗರ ಹಾಗೆ ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದರು. ಆದರೂ ಅವರ ಮೇಜಿನ ಮೇಲೆ ಸದಾ ಒಂದು ಹೇರ್ ಡ್ರೈಯರ್. ಅದರ ಬಿಸಿಗಾಳಿಯೆಲ್ಲ ರಿಸೀವರ್ ಬೋರ್ಡುಗಳಿಗೇ. ಪೀಣ್ಯದ ನಮ್ಮ ಸಣ್ಣ ಕಂಪನಿ ಕಾರ್ಖಾನೆಯ ಕ್ರೇನುಗಳಿಗೆ ವೈರ್‌ಲೆಸ್ ರಿಮೋಟ್ ಮಾಡುತ್ತಿತ್ತು. ಬಿಸಿ ತಾಗಿದರೆ ರಿಸೀವರಿನ ಫ್ರೀಕ್ವೆನ್ಸಿ ಸರಿದುಬಿಡುತ್ತದೆ, ರಿಮೋಟಿನ ಮಾತು ಅದಕ್ಕೆ ಕೇಳಿಸುವುದಿಲ್ಲ. ಎಷ್ಟು ಸರಿಯಿತೆಂದು ಅಳೆದು ತನ್ನನ್ನು ತಾನೇ ತಿದ್ದಿಕೊಳ್ಳುವುದನ್ನು ಅದಕ್ಕೆ ಕಲಿಸುವುದು ಮೇಡಂ ಕೆಲಸ. "ಯಾಕೋ ಮಗಾ, ಎಲ್ಲಿಗ್ ಹೋದೆ? ವಾಪಸ್ ಬಾ" ಎಂದು ಬೋರ್ಡನ್ನು ಗದರುತ್ತಿದ್ದರು. ನಾವು ಹಿಂದೆ ನಿಂತು ನಗುತ್ತಿದ್ದೆವು. ತಿಂಡಿ ತಿನ್ನದೆ ಬಂದವರ ಜೊತೆ ಮಾತ್ರ, ಅವರು ತಿಂದು ಬರುವವರೆಗೆ, ಮೇಡಂ ಕೆಲಸದ ಮಾತೇ ಆಡುತ್ತಿರಲಿಲ್ಲ.

ನಾನಾಗ ಹೊಸಬಳು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಪಕ್ಕದ ರಸ್ತೆಯ ಫೌಂಡ್ರಿಯ ಕ್ರೇನಿಗೆ ರಿಸೀವರ್ ಕೂರಿಸಿ ಬಂದಿದ್ದೆ. ಮಧ್ಯಾಹ್ನ ತಗಡಿನ ಮಾಡು ಕಾದಾಗ ಕ್ರೇನು ಎರಕದ ಅಚ್ಚನ್ನು ಎತ್ತಿಕೊಂಡು ನಡುವೆಯೇ ನಿಂತಿತು. ಫೌಂಡ್ರಿಯವರು ಅದನ್ನು ಹೇಗೋ ಕೆಳಗಿಳಿಸಿ ಮಾಲೀಕರು, ಮೇಡಂ, ನಾನು ಮೂವರನ್ನೂ ಕರೆಸಿದರು.

"ಏನ್ರೀ ಇದು, ಮುಂಜಾನೆ ಮಾತ ಕೇಳತೈತಿ, ಮಧ್ಯಾಹ್ನ ಕೇಳವಲ್ದು" ಎಂದ ಆಪರೇಟರ್ ಅಣ್ಣ.

ನಮ್ಮ ಮಾಲೀಕರು ನನ್ನತ್ತ ತಿರುಗಿದರು. "ಫಿಟ್ ಮಾಡಿದ್ದು ನೀನಲ್ವೇನಮ್ಮಾ? ನಾಳೆಯಿಂದ ಬರೋದ್ ಬೇಡ."

ರಿಸೀವರಿಗೆ ಜೋಡಿಸಿದ್ದ ಲ್ಯಾಪ್‌ಟಾಪ್ ನೋಡುತ್ತಲೇ ಮೇಡಂ ಹೇಳಿದರು: "ಸಾರ್, ಫಿಟಿಂಗ್ ಸರಿಯಾಗೇ ಇದೆ. ಪ್ರೋಗ್ರಾಂ ನಂದು. ತಪ್ಪೂ ನಂದೇ."

ಆಗಿದ್ದು ಇಷ್ಟು: ಮಾಡು ಕಾದು ಫ್ರೀಕ್ವೆನ್ಸಿ ಸರಿದ ಹೊತ್ತಿಗೇ ಪಕ್ಕದಲ್ಲಿ ವೆಲ್ಡಿಂಗ್ ನಡೆಯುತ್ತಿತ್ತು. ಅದರ ಕಿಡಿಯಿಂದ ಏಳುವ ರೇಡಿಯೋ ಗದ್ದಲದಲ್ಲಿ ರಿಸೀವರಿನ ಅಳತೆ ಪ್ರತಿಸಲವೂ ತಪ್ಪುತ್ತಿತ್ತು. ತಪ್ಪು ಅಳತೆಯನ್ನೇ ಪೂರ್ತಿ ನಂಬಿ ಅದು ಅತ್ತಿಂದಿತ್ತ ಹಾರುತ್ತಿತ್ತು. ನಮ್ಮ ಲ್ಯಾಬಿನಲ್ಲಿ ಅಂಥ ಗದ್ದಲವೇ ಇಲ್ಲ, ಅಲ್ಲಿ ಇದು ಗೊತ್ತೇ ಆಗಿರಲಿಲ್ಲ.

ಮೇಡಂ ಮರಳಿನ ಚೀಲದ ಮೇಲೆ ಕೂತು ಅಲ್ಲೇ ಸರಿಪಡಿಸಿದರು. "ಒಂದ್ಸಲ ಕೇಳಿದ್ದನ್ನ ಪೂರ್ತಿ ನಂಬಬಾರ್ದು ಕಣೇ. ಸ್ವಲ್ಪ ತಿದ್ಕೋಬೇಕು, ಇನ್ನೊಂದ್ಸಲ ಕೇಳ್ಬೇಕು, ಮತ್ತೆ ಸ್ವಲ್ಪ ತಿದ್ಕೋಬೇಕು." ಅದೇ ಬಿಸಿಲಲ್ಲಿ ಕ್ರೇನು ಮಾತು ಕೇಳಿತು. ಆಪರೇಟರ್ ಅಣ್ಣ ಸಿಳ್ಳೆ ಹೊಡೆದ.

ಗಿರಾಕಿಯ ಎದುರಿಗೇ ತಪ್ಪೊಪ್ಪಿಕೊಂಡರಲ್ಲ ಎಂಬ ಸಿಟ್ಟು ಮಾಲೀಕರಿಗೆ ಇಳಿಯಲಿಲ್ಲ. ನನ್ನ ಕೆಲಸ ಖಾಯಂ ಆದ ವಾರವೇ ಲ್ಯಾಬಿಗೆ ಬೇರೊಬ್ಬರು ಮುಖ್ಯಸ್ಥರಾದರು. ಮೇಡಂ ಕ್ಯಾಬಿನ್ ಬಿಟ್ಟು ನಮ್ಮ ಸಾಲಿಗೆ ಬಂದು ಕೂತರು. ನಾನು ಅಳುಮುಖ ಮಾಡಿಕೊಂಡು ಹತ್ತಿರ ಹೋದರೆ, "ಕಿಟಕಿ ಪಕ್ಕ ಕಣೇ, ಗಾಳಿ ಸಕ್ಕತ್ತಾಗ್ ಬರುತ್ತೆ. ಹೋಗು, ಕೆಲಸ ನೋಡು" ಅಂದರು. ನಿವೃತ್ತರಾಗುವವರೆಗೂ ಅಲ್ಲೇ ಕೂತರು. ಒಂದು ದಿನವೂ ಆ ಮಾತು ಎತ್ತಲಿಲ್ಲ.

ಹೋದ ವರ್ಷ ಹೃದಯಾಘಾತವಾಗಿ ತೀರಿಕೊಂಡರು. ಲಗ್ಗೆರೆಯ ಅವರ ಮನೆಯಲ್ಲಿ ಅವರ ಮಗಳನ್ನು ಹಿಡಿದುಕೊಂಡು ನಾನು ಅವಳಿಗಿಂತ ಜೋರಾಗಿ ಅತ್ತೆ.

ಆ ಕ್ಯಾಬಿನ್ನಿನಲ್ಲಿ ಈಗ ನಾನು ಕೂರುತ್ತೇನೆ. ಬಾಗಿಲ ಮೇಲೆ ನನ್ನ ಹೆಸರಿದೆ. ಒಳಗೆ ಹೋಗುವಾಗ ಇವತ್ತಿಗೂ ಅದನ್ನು ಓದಲು ನಾಚಿಕೆಯಾಗುತ್ತದೆ.